ನಂಬರಿದೆ, ನಿಗಾ ಇಲ್ಲ

ಭತ್ತದ ತೆನೆಗೆ ಹಾಲು ತುಂಬುವ ಹೊತ್ತಿಗೆ ಉಳವಿ ಸುತ್ತಲಿನ ಗದ್ದೆಗಳಿಗೆ ಹಂದಿಯ ಹಿಂಡು ಇಳಿಯುತ್ತದೆ. ಅಡಿಕೆ, ಬಾಳೆ ತೋಟಕ್ಕೆ ಮಂಗ. ಕುಣಬಿ ಸಮುದಾಯದವರ ಗೆಡ್ಡೆಗೆಣಸಿನ ಪಾತಿಗೆ ಮುಳ್ಳುಹಂದಿ. ಬೇಲಿ ಮುರಿಯಲು ಕಾಡುಕೋಣ. ಉಳವಿ ಇರುವ, ಉತ್ತರ ಕನ್ನಡದ ಜೊಯಿಡಾ ತಾಲ್ಲೂಕಿನ ಬಹುಭಾಗ ಕಾಡು, ಅದರಲ್ಲಿ ದೊಡ್ಡ ಪಾಲು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಇಲ್ಲಿ ಬೇಸಾಯದಲ್ಲಿ ಅರ್ಧ ಕೆಲಸ ಬೆಳೆಯುವುದು, ಇನ್ನರ್ಧ ಕಾಯುವುದು. ಮಾಳ ಕಟ್ಟಿ ರಾತ್ರಿಯಿಡೀ ಕೂರುತ್ತಾರೆ, ತಗಡು ಬಡಿಯುತ್ತಾರೆ, ಬೆಂಕಿ ಹಾಕುತ್ತಾರೆ, ಪಟಾಕಿ ಸಿಡಿಸುತ್ತಾರೆ. ಕೆಲವು ಮನೆಗಳಲ್ಲಿ ಇವುಗಳ ಜೊತೆಗೆ ಬೆಳೆ ರಕ್ಷಣೆಯ ಪರವಾನಗಿ ಪಡೆದ ಒಂದು ಕೋವಿಯೂ ಇರುತ್ತದೆ. ಈಡಿನ ಸದ್ದಿಗೆ ಪ್ರಾಣಿ ಓಡಲಿ ಎಂಬುದು ಅದರ ಉದ್ದೇಶ. ಪರವಾನಗಿ ಇದ್ದ ಮಾತ್ರಕ್ಕೆ ವನ್ಯಜೀವಿಯನ್ನು ಕೊಲ್ಲುವ ಹಕ್ಕು ಬರುವುದಿಲ್ಲ.

ಇಂಥ ಕೋವಿಗಳು ಬಹುಮಟ್ಟಿಗೆ ಹಳೆಯವು. ಅಜ್ಜನ ಹೆಸರಿನಿಂದ ಅಪ್ಪನ ಹೆಸರಿಗೆ, ಅಪ್ಪನ ಹೆಸರಿನಿಂದ ಮಗನ ಹೆಸರಿಗೆ ಕಾಗದದಲ್ಲಿ ವರ್ಗವಾಗುತ್ತ ಬಂದವು. ಆ ಕಾಗದಕ್ಕೆ ಕೋವಿಯ ನಂಬರು ಗೊತ್ತು, ಬೋರು ಗೊತ್ತು, ಒಡೆಯನ ಹೆಸರು, ವಿಳಾಸ, ಎಷ್ಟು ತೋಟೆ ಇಟ್ಟುಕೊಳ್ಳಬಹುದು ಎಂಬ ಲೆಕ್ಕ ಎಲ್ಲವೂ ಗೊತ್ತು. ಒಂದು ಸಂಗತಿ ಮಾತ್ರ ಅದರಲ್ಲಿಲ್ಲ. ಈ ಕೋವಿ ಹಾರಿಸಲು ಯೋಗ್ಯವೇ? ಅದರ ಕುದುರೆ (ಹ್ಯಾಮರ್) ತನ್ನಷ್ಟಕ್ಕೆ ಜಾರುತ್ತದೆಯೇ? ನಳಿಗೆಯೊಳಗೆ ತುಕ್ಕು ಎಷ್ಟು ಆಳಕ್ಕೆ ಇಳಿದಿದೆ? ಇದನ್ನು ಕೊನೆಯ ಸಲ ಬಲ್ಲವರು ಬಿಚ್ಚಿ ನೋಡಿದ್ದು ಯಾವಾಗ?

ಜೊಯಿಡಾ ಪೇಟೆಯ ಕಿರಾಣಿ ಅಂಗಡಿಯ ತಕ್ಕಡಿಗೂ ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ಆಗಾಗ ಬೀಳಬೇಕು. ದಾಂಡೇಲಿಯ ರಸ್ತೆಯಲ್ಲಿ ಓಡುವ ಲಾರಿಗೆ ಯೋಗ್ಯತಾ ಪ್ರಮಾಣಪತ್ರ ಬೇಕು. ಮದ್ದಿನ ಸ್ಫೋಟವನ್ನು ಮುಖದಿಂದ ಒಂದು ಗೇಣು ದೂರದಲ್ಲಿ ಹಿಡಿದಿಡುವ ಕೋವಿಗೆ ಮಾತ್ರ ಒಮ್ಮೆ ಮನೆಗೆ ಬಂದ ಮೇಲೆ ಅಂಥ ಕಡ್ಡಾಯ ಯಾವುದೂ ಇಲ್ಲ. ಈ ಕೊರತೆಗೆ ಬೆಲೆ ತೆರುವವರು ಬಡ ರೈತರು, ರಾತ್ರಿ ಗಸ್ತಿನ ಅರಣ್ಯ ಸಿಬ್ಬಂದಿ, ಠಾಣೆಯ ಕಾವಲಿನ ಕಾನ್‌ಸ್ಟೆಬಲ್‌ಗಳು.

ಕೆಳಗೆ ಬಿದ್ದರೆ ಸಿಡಿಯುವ ಪಿಸ್ತೂಲು

ಯಂತ್ರದಲ್ಲಿ ದೋಷವಿದೆ ಎಂದು ತಿಳಿದಾಗ ತಯಾರಕರು ಅದನ್ನು ಮರಳಿ ಕರೆಸಿ ಉಚಿತವಾಗಿ ಸರಿಪಡಿಸುವುದು ಕಾರು, ಬೈಕುಗಳಲ್ಲಿ ನಮಗೆ ಈಗ ಪರಿಚಿತ. ಕೈಬಂದೂಕುಗಳಲ್ಲಿಯೂ ಇದು ನಡೆದಿದೆ. ಇತ್ತೀಚಿನ ವರ್ಷಗಳಲ್ಲಿ ಹೆಚ್ಚು ಚರ್ಚೆಯಾದದ್ದು ಸಿಗ್ ಸಾವರ್ ಕಂಪನಿಯ ಪಿ320 ಪಿಸ್ತೂಲು. ಇದರ ಒಂದು ರೂಪವನ್ನು 2017ರ ಜನವರಿಯಲ್ಲಿ ಅಮೆರಿಕದ ಸೇನೆಯೇ ತನ್ನ ಪಿಸ್ತೂಲಾಗಿ ಆರಿಸಿಕೊಂಡಿತು. ಅದೇ ವರ್ಷ ಆಗಸ್ಟ್‌ನಲ್ಲಿ ಸ್ವತಂತ್ರ ಪರೀಕ್ಷಕರು ನಾಗರಿಕ ಮಾದರಿಯನ್ನು ಒಂದು ನಿರ್ದಿಷ್ಟ ಕೋನದಲ್ಲಿ, ಹಿಂಭಾಗ ನೆಲಕ್ಕೆ ತಾಗುವಂತೆ ಬೀಳಿಸಿದಾಗ ಅದು ಸಿಡಿಯಿತು. ಯಾರೂ ಟ್ರಿಗರ್ ಮುಟ್ಟಿರಲಿಲ್ಲ.

ಕಾರಣ ಸರಳ ಭೌತವಿಜ್ಞಾನ. ಬೀಳುತ್ತಿರುವ ಪಿಸ್ತೂಲು ನೆಲಕ್ಕೆ ಬಡಿದು ತಟ್ಟನೆ ನಿಂತರೂ ಅದರ ಟ್ರಿಗರ್ ತನ್ನ ತೂಕದ ಜಡತ್ವದಿಂದ ಅದೇ ದಿಕ್ಕಿನಲ್ಲಿ ಮುಂದುವರಿಯುತ್ತದೆ. ಆ ದಿಕ್ಕು ಬೆರಳು ಎಳೆಯುವ ದಿಕ್ಕೇ ಆಗಿಬಿಟ್ಟರೆ ಒಳಗಿನ ತಡೆಗಳಿಗೆ ಬೆರಳು ಯಾವುದು, ಜಡತ್ವ ಯಾವುದು ಎಂಬ ವ್ಯತ್ಯಾಸ ತಿಳಿಯುವುದಿಲ್ಲ. ಕಂಪನಿ ಹಗುರ ಟ್ರಿಗರ್ ಮತ್ತು ಬದಲಾದ ಒಳಭಾಗಗಳನ್ನು ಉಚಿತವಾಗಿ ಅಳವಡಿಸಿಕೊಡುವುದಾಗಿ ಪ್ರಕಟಿಸಿತು. ಅದನ್ನು 'ಸ್ವಯಂಪ್ರೇರಿತ ಸುಧಾರಣೆ' ಎಂದು ಕರೆಯಿತೇ ಹೊರತು ಹಿಂಪಡೆಯುವಿಕೆ ಎನ್ನಲಿಲ್ಲ.

ವಿವಾದ ಅಲ್ಲಿಗೆ ಮುಗಿಯಲಿಲ್ಲ. ಸುಧಾರಿತ ಪಿಸ್ತೂಲು ಕೂಡ ಒರೆಯಲ್ಲಿ (ಹೋಲ್‌ಸ್ಟರ್) ಇದ್ದಂತೆಯೇ ಸಿಡಿಯಿತು ಎಂಬ ದಾವೆಗಳು ಬಂದವು. 2024ರಲ್ಲಿ ಜಾರ್ಜಿಯಾ ಮತ್ತು ಪೆನ್ಸಿಲ್ವೇನಿಯಾದ ಜ್ಯೂರಿಗಳು ಗಾಯಾಳುಗಳ ಪರ ತೀರ್ಪು ಕೊಟ್ಟವು. ಪಿಸ್ತೂಲು ತಾನಾಗಿ ಸಿಡಿಯದು ಎಂಬ ನಿಲುವನ್ನು ಕಂಪನಿ ಬಿಟ್ಟುಕೊಟ್ಟಿಲ್ಲ. 2025ರ ಜುಲೈನಲ್ಲಿ ವಯೋಮಿಂಗ್‌ನ ವಾಯುನೆಲೆಯೊಂದರಲ್ಲಿ ಯೋಧನೊಬ್ಬ ಇದೇ ವರ್ಗದ ಪಿಸ್ತೂಲಿನ ಗುಂಡಿಗೆ ಬಲಿಯಾದಾಗ ವಾಯುಪಡೆಯ ಒಂದು ವಿಭಾಗ ಅದರ ಬಳಕೆಯನ್ನೇ ತಡೆಹಿಡಿಯಿತು. ಮುಂದೆ ತನಿಖೆ ಪಿಸ್ತೂಲನ್ನು ಬಿಟ್ಟು ಒಬ್ಬ ಸಹೋದ್ಯೋಗಿಯ ಕಡೆ ತಿರುಗಿತು, ಪಿಸ್ತೂಲುಗಳು ಸೇವೆಗೆ ಮರಳಿದವು. ಆದರೆ ಆ ನಡುವೆ ಆ ವಿಭಾಗ ತನ್ನ ಬಳಿಯಿದ್ದ ಸಾವಿರಾರು ಪಿಸ್ತೂಲುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿತ್ತು. ಕೆಲವುಗಳಲ್ಲಿ ಒಳಭಾಗಗಳು ಸವೆದಿದ್ದವು. ಅವನ್ನು ಸರಿಪಡಿಸಲಾಯಿತು. ವಿನ್ಯಾಸದ ಬಗೆಗಿನ ವಾದದಲ್ಲಿ ಯಾರು ಗೆದ್ದರೂ ಸರಿ, ಕೂತು ನೋಡಿದ್ದರಿಂದ ಸವೆದ ಭಾಗಗಳು ಸಿಕ್ಕವು. ನಮ್ಮ ಊರಿಗೆ ಬೇಕಾದ ಪಾಠ ಇದು.

ಬ್ರೆಜಿಲ್‌ನ ಟಾರಸ್ ಕಂಪನಿಯ ಕಥೆ ಇನ್ನೂ ದೊಡ್ಡದು. ಅದರ ಕೆಲವು ಪಿಸ್ತೂಲುಗಳು ಬಿದ್ದಾಗ, ಕೆಲವು ಸುರಕ್ಷತಾ ಕೀಲಿ ಹಾಕಿದ್ದಾಗಲೂ ಸಿಡಿಯುತ್ತವೆ ಎಂಬ ದೂರಿನ ಮೇಲೆ ಅಮೆರಿಕದಲ್ಲಿ ಸಾಮೂಹಿಕ ದಾವೆ ನಡೆಯಿತು. 2016ರಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ವ್ಯಾಪ್ತಿಗೆ ಒಂಬತ್ತು ಮಾದರಿಗಳ ಹತ್ತು ಲಕ್ಷದ ಆಸುಪಾಸು ಪಿಸ್ತೂಲುಗಳು ಬಂದವು. ತನ್ನ ದೇಶದಲ್ಲೇ, ಸಾವೊ ಪಾಲೊ ಪೊಲೀಸರಿಂದಲೂ ಅದೇ ಕಂಪನಿಯ ಪಿಸ್ತೂಲಿನ ಬಗ್ಗೆ ದೂರುಗಳು ಎದ್ದಿದ್ದವು. ಆಯುಧ ಪೊಲೀಸರ ಕೈಯಲ್ಲಿದ್ದರೆ ದೋಷ ಕಡಿಮೆಯಾಗುವುದಿಲ್ಲ. ದಿನವಿಡೀ ಸೊಂಟದಲ್ಲಿರುವ ಆಯುಧಕ್ಕೆ ಬೀಳುವ ಅವಕಾಶವೇ ಹೆಚ್ಚು.

ಒಳ್ಳೆಯ ಉದಾಹರಣೆಯೂ ಇದೆ. 1873ರ ಕೋಲ್ಟ್ ರಿವಾಲ್ವರ್‌ನ ಹಳೆಯ ವಿನ್ಯಾಸದಲ್ಲಿ ಕುದುರೆ ಇಳಿದಾಗ ಅದರ ಮೊನೆ ನೇರವಾಗಿ ತೋಟೆಯ ಬೆನ್ನಿಗೆ ತಾಗಿಕೊಂಡಿರುತ್ತಿತ್ತು. ಕುದುರೆಗೆ ಒಂದು ಪೆಟ್ಟು ಬಿದ್ದರೆ ಸಾಕು, ಈಡು ಹೊರಡುತ್ತಿತ್ತು. ಆದ್ದರಿಂದ ತಿಳಿದವರು ಆರು ಗೂಡಿನ ರಿವಾಲ್ವರ್‌ಗೆ ಐದೇ ತೋಟೆ ತುಂಬಿ, ಕುದುರೆಯ ಕೆಳಗೆ ಖಾಲಿ ಗೂಡು ಬರುವಂತೆ ಇಡುತ್ತಿದ್ದರು. ಅದೇ ಪದ್ಧತಿಯ ರಿವಾಲ್ವರ್ ತಯಾರಿಸುತ್ತಿದ್ದ ರೂಗರ್ ಕಂಪನಿ 1973ರಲ್ಲಿ ವಿನ್ಯಾಸ ಬದಲಿಸಿತು. ಕುದುರೆಗೂ ಫೈರಿಂಗ್ ಪಿನ್ನಿಗೂ ನಡುವೆ, ಟ್ರಿಗರ್ ಪೂರ್ತಿ ಎಳೆದಾಗ ಮಾತ್ರ ಮೇಲೆ ಬರುವ ಒಂದು ಸಣ್ಣ ಉಕ್ಕಿನ ಪಟ್ಟಿಯನ್ನು ಇಟ್ಟಿತು. 1982ರಿಂದ, ತಾನು ಹಿಂದೆ ಮಾರಿದ ಹಳೆಯ ರಿವಾಲ್ವರ್‌ಗಳಿಗೂ ಆ ಪಟ್ಟಿಯನ್ನು ಉಚಿತವಾಗಿ ಅಳವಡಿಸಿಕೊಡಲು ಮುಂದಾಯಿತು. ಕೊಂಡವರು ಸತ್ತು ಮಕ್ಕಳ ಕೈಗೆ ಬಂದ ರಿವಾಲ್ವರ್‌ಗೂ ಆ ಮಾತು ಅನ್ವಯ. ತಯಾರಕರ ಹೊಣೆಗೆ ಇರಬೇಕಾದ ಆಯಸ್ಸು ಇಷ್ಟು.

ಕೆಟ್ಟ ಉದಾಹರಣೆ ರೆಮಿಂಗ್ಟನ್ 700 ರೈಫಲ್‌ನದು. ಅದರ ಟ್ರಿಗರ್‌ಗೆ ಇನ್ನೊಂದು ಸುರಕ್ಷತಾ ತಡೆ ಸೇರಿಸಬೇಕೆಂದು ವಿನ್ಯಾಸಕಾರ ಮೈಕ್ ವಾಕರ್ 1948ರಲ್ಲೇ ಸೂಚಿಸಿದ್ದರು. ತಗಲುವ ಹೆಚ್ಚುವರಿ ವೆಚ್ಚ ರೈಫಲ್ ಒಂದಕ್ಕೆ ಐದೂವರೆ ಸೆಂಟ್. ಕಂಪನಿ ಸೇರಿಸಲಿಲ್ಲ. ದಶಕಗಳ ದಾವೆಗಳ ನಂತರ, ಸುಮಾರು 75 ಲಕ್ಷ ಬಂದೂಕುಗಳಿಗೆ ಅನ್ವಯಿಸುವ ರಾಜಿಗೆ 2017ರಲ್ಲಿ ನ್ಯಾಯಾಲಯದ ಒಪ್ಪಿಗೆ ಸಿಕ್ಕಿತು. ಆದರೆ ದುರಸ್ತಿಗೆಂದು ಮುಂದೆ ಬಂದವರು ತೀರಾ ಕಡಿಮೆ. ನ್ಯಾಯಾಧೀಶರೇ ಇದರ ಬಗ್ಗೆ ಕಳವಳಪಟ್ಟರು.

ಜನ ಏಕೆ ಬರಲಿಲ್ಲ? ಬಹಳಷ್ಟು ಜನರಿಗೆ ಸುದ್ದಿಯೇ ತಲುಪಲಿಲ್ಲ. ಅಮೆರಿಕದಲ್ಲಿ ಗ್ರಾಹಕ ವಸ್ತುಗಳ ಸುರಕ್ಷತೆಗೆಂದು 1972ರಲ್ಲಿ ಆಯೋಗ ರಚಿಸಿದಾಗ ಬಂದೂಕುಗಳನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟರು. ಹಾಗಾಗಿ ದೋಷವಿರುವ ಪಿಸ್ತೂಲನ್ನು ಹಿಂಪಡೆಯಿರಿ ಎಂದು ಆದೇಶಿಸಬಲ್ಲ ಸರ್ಕಾರಿ ಸಂಸ್ಥೆ ಅಲ್ಲಿಲ್ಲ. ಯಾರ ಮನೆಯಲ್ಲಿ ಯಾವ ನಂಬರಿನ ಬಂದೂಕಿದೆ ಎಂಬ ರಾಷ್ಟ್ರೀಯ ದಾಖಲೆಯೂ ಇಲ್ಲ. 1986ರ ಕಾನೂನು ಅಂಥದ್ದೊಂದನ್ನು ನಿಷೇಧಿಸಿದೆ. ತಯಾರಕರು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಕಾಯಬೇಕು. ಕೈಯಿಂದ ಕೈಗೆ ಮಾರಾಟವಾದ ಪಿಸ್ತೂಲಿನ ಈಗಿನ ಒಡೆಯ ಅದನ್ನು ಓದಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಮ್ಮಲ್ಲಿ ಪರಿಸ್ಥಿತಿ ತಿರುವುಮುರುವು. ಪ್ರತಿಯೊಂದು ಕಾನೂನುಬದ್ಧ ಕೋವಿಗೂ ನಂಬರಿದೆ, ನಂಬರಿಗೊಬ್ಬ ಒಡೆಯನಿದ್ದಾನೆ, ಒಡೆಯನ ವಿಳಾಸ ಸರ್ಕಾರದ ಬಳಿ ಇದೆ. ದೋಷದ ಸುದ್ದಿ ಮನೆಬಾಗಿಲಿಗೆ ಮುಟ್ಟಿಸಲು ಬೇಕಾದದ್ದೆಲ್ಲ ಸಿದ್ಧವಾಗಿದ್ದೂ ನಾವು ಮುಟ್ಟಿಸುತ್ತಿಲ್ಲ.

ಪಿಸ್ತೂಲು ಮುಗ್ಗರಿಸುವುದೇಕೆ

ತಯಾರಿಕೆಯ ದೋಷ ಒಂದು ಬಗೆ. ದಿನನಿತ್ಯ ಎದುರಾಗುವುದು ಇನ್ನೊಂದು ಬಗೆ: ಆಯುಧ ಸರಿಯಾಗಿಯೇ ತಯಾರಾಗಿದೆ, ಆದರೆ ಕೆಲಸದ ಹೊತ್ತಿಗೆ ಕೈಕೊಡುತ್ತದೆ. ನಮ್ಮಲ್ಲಿ 9 ಎಂ.ಎಂ. ಪಿಸ್ತೂಲು ಪೊಲೀಸರ ಮತ್ತು ಪಡೆಗಳ ಆಯುಧ. ಪರವಾನಗಿ ಪಡೆದ ನಾಗರಿಕರ ಬಳಿ ಸಾಮಾನ್ಯವಾಗಿ ಇರುವುದು .32 ಬೋರಿನ ಪಿಸ್ತೂಲು ಇಲ್ಲವೇ ರಿವಾಲ್ವರ್. ಮಹಿಳೆಯರ ರಕ್ಷಣೆಗೆಂದು 2014ರಲ್ಲಿ ಕಾನ್ಪುರದಿಂದ ಹೊರಬಂದ 'ನಿರ್ಭೀಕ್', 2023ರಲ್ಲಿ ಬಂದ 'ಪ್ರಬಲ್' ಎರಡೂ .32 ಬೋರಿನ ರಿವಾಲ್ವರ್‌ಗಳೇ.

ಸ್ವಯಂಚಾಲಿತವಾಗಿ ತುಂಬಿಕೊಳ್ಳುವ ಪಿಸ್ತೂಲು ಒಂದು ಈಡಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಹಲವು ಕೆಲಸ ಮಾಡುತ್ತದೆ. ಸಿಡಿತದ ಬಲಕ್ಕೆ ಮೇಲಿನ ಸ್ಲೈಡ್ ಹಿಂದೆ ಸರಿಯುತ್ತದೆ. ಎಕ್ಸ್‌ಟ್ರ್ಯಾಕ್ಟರ್ ಎಂಬ ಸಣ್ಣ ಕೊಕ್ಕೆ ಖಾಲಿ ತೋಟೆಯನ್ನು ಕಚ್ಚಿ ಎಳೆಯುತ್ತದೆ. ಇನ್ನೊಂದು ಮೊನೆ ಅದನ್ನು ಹೊರಕ್ಕೆ ಚಿಮ್ಮಿಸುತ್ತದೆ. ಸ್ಪ್ರಿಂಗ್ ಸ್ಲೈಡನ್ನು ಮುಂದೆ ತಳ್ಳುವಾಗ ಮ್ಯಾಗಜೀನಿನ ಮೇಲಿನ ತೋಟೆ ಗೂಡಿಗೆ ಹೋಗಿ ಕೂರುತ್ತದೆ. ಈ ಸರಣಿಯ ಯಾವ ಕೊಂಡಿ ತಪ್ಪಿದರೂ ಪಿಸ್ತೂಲು ನಿಲ್ಲುತ್ತದೆ. ಖಾಲಿ ತೋಟೆ ಸ್ಲೈಡಿನ ಬಾಯಿಗೆ ಅಡ್ಡ ಸಿಕ್ಕಿಕೊಳ್ಳಬಹುದು, ಹೊಸ ತೋಟೆ ಮೂತಿ ಮೇಲೆತ್ತಿ ನಿಲ್ಲಬಹುದು, ಇಲ್ಲವೇ ಟ್ರಿಗರ್ ಎಳೆದರೆ ಬರೀ 'ಟಿಕ್' ಎಂಬ ಸದ್ದು ಬರಬಹುದು.

ಅನುಭವಿ ಶಸ್ತ್ರ ತಂತ್ರಜ್ಞರು ಮೊದಲು ಅನುಮಾನಿಸುವುದು ಪಿಸ್ತೂಲನ್ನಲ್ಲ, ಮ್ಯಾಗಜೀನನ್ನು. ಅದು ತೆಳು ತಗಡಿನ ಪೆಟ್ಟಿಗೆ. ಬಾಯಿಯ ತುಟಿಗಳು ಕೂದಲೆಳೆಯಷ್ಟು ಅಗಲವಾದರೂ ತೋಟೆ ಏಳುವ ಕೋನ ಬದಲಾಗುತ್ತದೆ. ಮ್ಯಾಗಜೀನುಗಳಿಗೆ ಬಣ್ಣದಲ್ಲಿ 1, 2, 3 ಎಂದು ಬರೆದಿಟ್ಟರೆ ತೊಂದರೆ ಕೊಡುವುದು ಯಾವುದೆಂದು ಬೇಗ ತಿಳಿಯುತ್ತದೆ. ಎರಡನೆಯ ಅನುಮಾನ ತೋಟೆಯ ಮೇಲೆ. ವರ್ಷಾನುಗಟ್ಟಲೆ ಚರ್ಮದ ಪಟ್ಟಿಯಲ್ಲಿ ಕೂತ ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿರುತ್ತದೆ. ಒಂದೇ ತೋಟೆಯನ್ನು ದಿನಾ ಗೂಡಿಗೆ ಹಾಕಿ ತೆಗೆದು ಮಾಡಿದರೆ ಗುಂಡು ನಿಧಾನವಾಗಿ ಒಳಕ್ಕೆ ಕುಸಿಯುತ್ತದೆ. ಆಗ ಮದ್ದಿಗೆ ಜಾಗ ಕಡಿಮೆಯಾಗಿ ಒತ್ತಡ ಮಿತಿ ಮೀರುತ್ತದೆ. ಕಾವಲು ಕರ್ತವ್ಯದಲ್ಲಿ ದಿನವೂ ತುಂಬಿ ಇಳಿಸುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಕುಸಿದ ತೋಟೆಯನ್ನು ಹೊಸದರ ಪಕ್ಕ ನಿಲ್ಲಿಸಿದರೆ ಗಿಡ್ಡವಾಗಿರುವುದು ಬರಿಗಣ್ಣಿಗೇ ಕಾಣುತ್ತದೆ.

ಮೂರನೆಯದು ಕೊಳೆ ಮತ್ತು ಎಣ್ಣೆ. ಎಣ್ಣೆ ಇಲ್ಲದಿದ್ದರೆ ಉಕ್ಕು ಉಕ್ಕಿಗೆ ಉಜ್ಜುತ್ತದೆ. ಹೆಚ್ಚಾದರೆ ಧೂಳು ಅಂಟಿ ಕೆಸರಾಗುತ್ತದೆ. ಫೈರಿಂಗ್ ಪಿನ್ ಓಡಾಡುವ ಕೊಳವೆಯಲ್ಲಿ ಆ ಕೆಸರು ಸೇರಿದರೆ ಪಿನ್ನಿನ ಪೆಟ್ಟು ಮೆತ್ತಗಾಗಿ ತೋಟೆ ಸಿಡಿಯುವುದೇ ಇಲ್ಲ. ಅಡುಗೆ ಎಣ್ಣೆ, ತೆಂಗಿನೆಣ್ಣೆ ಒಣಗಿದ ಮೇಲೆ ಅಂಟಾಗುತ್ತವೆ; ಅವನ್ನು ಬಳಸಲೇಬಾರದು. ನಾಲ್ಕನೆಯದು ಸ್ಪ್ರಿಂಗ್: ಅದು ದಣಿಯುತ್ತದೆ, ಕಾಲಕಾಲಕ್ಕೆ ಬದಲಿಸಬೇಕು. ಗ್ಲಾಕ್‌ನಂಥ ಹೆಸರಾಂತ ತಯಾರಕರೇ 2011ರಲ್ಲಿ ತಮ್ಮ ಹೊಸ ಪೀಳಿಗೆಯ ಪಿಸ್ತೂಲುಗಳ ರಿಕಾಯಿಲ್ ಸ್ಪ್ರಿಂಗನ್ನು ಉಚಿತವಾಗಿ ಬದಲಿಸಿಕೊಡಬೇಕಾಯಿತು. ಐದನೆಯದು ಹಿಡಿತ. ಮಣಿಕಟ್ಟು ಸಡಿಲವಾದರೆ ಇಡೀ ಪಿಸ್ತೂಲು ಹಿಂದಕ್ಕೆ ಬಂದು, ಸ್ಲೈಡಿಗೆ ಸಿಗಬೇಕಾದ ಬಲ ಸೋರಿಹೋಗುತ್ತದೆ.

ಈ ಐದರಲ್ಲಿ ಯಾವುದಕ್ಕೂ ಅರ ಹಿಡಿಯುವ ಅಗತ್ಯವಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಟ್ರಿಗರ್ ಹಗುರ ಮಾಡಲೆಂದು ಒಳಗಿನ ಕಚ್ಚುಗಳನ್ನು ಉಜ್ಜುವುದು, ಸ್ಪ್ರಿಂಗ್ ಕತ್ತರಿಸುವುದು ಅಪಾಯವನ್ನು ಕೈಯಾರೆ ತಯಾರಿಸುವ ಕೆಲಸ. ಕುದುರೆಯನ್ನು ಹಿಡಿದು ನಿಲ್ಲಿಸುವ ಅಂಚು ಬಹಳ ಸಣ್ಣದು, ಅದರ ಮೇಲ್ಮೈ ಮಾತ್ರ ಗಟ್ಟಿ. ಆ ಪದರ ಒಮ್ಮೆ ಹೋದರೆ ಮುಂದಿನ ಸವೆತಕ್ಕೆ ತಡೆಯಿಲ್ಲ.

ಮಳೆನಾಡಿನ ಕೋವಿ

ಪಿಸ್ತೂಲು ಕೆಲವರ ಬಳಿ ಮಾತ್ರ. ಉಳವಿ, ಹಳಿಯಾಳ, ಮುಂಡಗೋಡ ಕಡೆಯ ರೈತರ ಕೈಯಲ್ಲಿರುವುದು ಒಂಟಿ ನಳಿಗೆ, ಜೋಡಿ ನಳಿಗೆಯ ತೋಟೆ ಕೋವಿ, ಅಥವಾ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ. 1959ರ ಶಸ್ತ್ರಾಸ್ತ್ರ ಕಾಯ್ದೆ ನಿಜವಾದ ಬೆಳೆ ರಕ್ಷಣೆಗೆ ಬಾಯಿಮದ್ದಿನ ಕೋವಿಯನ್ನು ಹೆಸರಿಸಿಯೇ ಪರವಾನಗಿಯ ಅವಕಾಶ ಕೊಟ್ಟಿದೆ. ಇವಕ್ಕೆ ಇಲ್ಲಿನ ಹವೆಯೇ ಮೊದಲ ಶತ್ರು. ಕ್ಯಾಸಲ್‌ರಾಕ್‌ನಂಥ, ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಕಾಣುವ ಜಾಗಗಳು ಇದೇ ತಾಲ್ಲೂಕಿನವು. ಜೂನ್‌ನಲ್ಲಿ ಗೋಡೆಗೆ ತೂಗುಹಾಕಿದ ಕೋವಿ ಅಕ್ಟೋಬರ್‌ನಲ್ಲಿ ಕೈಗೆ ಬರುವಾಗ ಅದೇ ಕೋವಿಯಾಗಿರುವುದಿಲ್ಲ.

ಮೊದಲ ಅಪಾಯ ನಳಿಗೆಯೊಳಗಿನ ಅಡ್ಡಿ. ಕುಂಬಾರ ಹುಳುವಿಗೆ ಬೆರಳಗಲದ ಯಾವ ತೂತು ಸಿಕ್ಕರೂ ಸಾಕು, ಮಣ್ಣು ತಂದು ಗೂಡು ಕಟ್ಟುತ್ತದೆ. ಹನ್ನೆರಡು ಬೋರಿನ ನಳಿಗೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಆ ಮಣ್ಣಿನ ಬಿರಡೆ ಒಳಗಿರುವಂತೆ ಈಡು ಹೊಡೆದರೆ ಮುಂದೆ ಹೋಗಲಾರದ ಒತ್ತಡ ನಳಿಗೆಯ ಗೋಡೆಯನ್ನೇ ಸೀಳುತ್ತದೆ. ಸಾಮಾನ್ಯವಾಗಿ ಎಡಗೈ ಹಿಡಿದಿರುವುದು ಅಲ್ಲಿಯೇ. ಹಾಗಾಗಿ ತುಂಬುವ ಮೊದಲು ತೋಟೆ ಕೋವಿಯನ್ನು ಮುರಿದು, ಬೆಳಕಿನ ಕಡೆ ಹಿಡಿದು, ನಳಿಗೆಯ ಮೂಲಕ ನೋಡಲೇಬೇಕು. ಕೇಪಿನ ಕೋವಿಯಲ್ಲಿ ಹಾಗೆ ನೋಡಲು ಬರುವುದಿಲ್ಲ. ಅದರಲ್ಲಿ ಹಳೆಯ ಮದ್ದು ಉಳಿದಿರುವುದು ಮರೆತು ಮತ್ತೊಮ್ಮೆ ತುಂಬುವ ಅಪಾಯ ದೊಡ್ಡದು. ಖಾಲಿ ಕೋವಿಯಲ್ಲಿ ಮದ್ದು ಒತ್ತುವ ಗಜ ಎಷ್ಟು ಆಳ ಇಳಿಯುತ್ತದೆ ಎಂದು ಗಜದ ಮೇಲೆಯೇ ಗುರುತು ಮಾಡಿಟ್ಟರೆ, ಗಜ ಇಳಿಸಿದ ಕೂಡಲೇ ಒಳಗೆ ಮದ್ದಿದೆಯೋ ಇಲ್ಲವೋ ತಿಳಿಯುತ್ತದೆ.

ಎರಡನೆಯ ಅಪಾಯ ಕುದುರೆ. ಹಳೆಯ ಕೋವಿಗಳಲ್ಲಿ ಕುದುರೆಯನ್ನು ಅರ್ಧ ಎಳೆದು ನಿಲ್ಲಿಸುವ ಕಚ್ಚು ಇರುತ್ತದೆ; ಹೆಗಲಿಗೆ ಹಾಕಿ ನಡೆಯುವಾಗ ಅದೇ ಆಸರೆ. ಎರಡು ಮೂರು ತಲೆಮಾರು ಎಳೆದು ಬಿಟ್ಟು ಮಾಡಿದ ಮೇಲೆ ಆ ಕಚ್ಚು ಸವೆದಿರುತ್ತದೆ. ಬೇಲಿಯ ತಡಮೆ ದಾಟುವಾಗ ಬಳ್ಳಿಗೆ ಸಿಕ್ಕಿ ಕುದುರೆ ಜಾರಿದರೆ ಮುಂದೆ ನಡೆಯುತ್ತಿರುವ ಅಣ್ಣನೋ ತಮ್ಮನೋ ಗುರಿಯಾಗುತ್ತಾನೆ. ಪಿ320ರ ಬಗ್ಗೆ ಕೋಟಿಗಟ್ಟಲೆ ಡಾಲರಿನ ಮೊಕದ್ದಮೆಗಳಲ್ಲಿ ವಾದಿಸುತ್ತಿರುವ ಪ್ರಶ್ನೆಯೇ ಇದು: ಬೆರಳು ಎಳೆಯದೆ ಇದು ಸಿಡಿಯಬಹುದೇ? ನಮ್ಮ ಕೇಪಿನ ಕೋವಿಯ ಪರವಾಗಿ ಆ ಪ್ರಶ್ನೆ ಕೇಳುವ ವಕೀಲರಿಲ್ಲ.

ಮೂರನೆಯದು ತೋಟೆ. ಕಾಗದದ ಕವಚದ ಹಳೆಯ ತೋಟೆಗಳು ತೇವಕ್ಕೆ ಊದಿಕೊಂಡು ಗೂಡಿನಲ್ಲಿ ಸಿಕ್ಕಿಬೀಳುತ್ತವೆ. ಅವನ್ನು ಗುದ್ದಿ ಕೂರಿಸಬಾರದು. ಬ್ರಿಟಿಷರ ಕಾಲದ ಅನೇಕ ವಿಲಾಯತಿ ಕೋವಿಗಳ ಗೂಡು ಎರಡೂವರೆ ಅಂಗುಲದ್ದು. ಈಗ ಸಿಗುವ ತೋಟೆಗಳಲ್ಲಿ ಹಲವು ಎರಡೂಮುಕ್ಕಾಲು ಅಂಗುಲದವು. ಮಡಿಚಿದ ಬಾಯಿಯಿಂದಾಗಿ ಅವು ಒಳಗೆ ಕೂರುತ್ತವೆ, ಆದರೆ ಸಿಡಿದಾಗ ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಕರಿಮದ್ದಿಗೆಂದೇ ಮಾಡಿದ, ನಳಿಗೆಯ ಮೇಲೆ ಅಲೆಯಲೆಯಾದ ವಿನ್ಯಾಸ ಕಾಣುವ ತಿರುಚು ನಳಿಗೆಯ ಕೋವಿಗಳಿಗೆ ಹೊಗೆರಹಿತ ಮದ್ದಿನ ತೋಟೆ ಹಾಕುವುದಂತೂ ಜೀವದ ಜೂಜು.

ಈಡು ಹಾರದಿದ್ದರೆ? ಕೋವಿಯ ಬಾಯಿಯನ್ನು ಯಾರೂ ಇಲ್ಲದ ದಿಕ್ಕಿಗೆ ಹಿಡಿದು, ಅರ್ಧ ನಿಮಿಷವಾದರೂ ಕದಲದೆ ನಿಲ್ಲಬೇಕು. ಕೇಪಿನ ಕೋವಿಯಾದರೆ ಇನ್ನೂ ಹೆಚ್ಚು ಹೊತ್ತು. ತೇವ ತಾಗಿದ ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಸದ್ದು ಪುಸ್ ಎಂದು ಕ್ಷೀಣವಾಗಿ ಬಂದರೆ ಗುಂಡು ಅಥವಾ ಬಿರಡೆ ನಳಿಗೆಯಲ್ಲೇ ನಿಂತಿರಬಹುದು. ಆಗ ಎರಡನೆಯ ಈಡು ಹೊಡೆಯಲೇಬಾರದು. ಪಿಸ್ತೂಲಿಗೂ ಇದೇ ನಿಯಮ.

ದುರಸ್ತಿಗೆ ಹೋಗುವುದೆಲ್ಲಿಗೆ

ಸವೆದ ಕಚ್ಚು, ಸಡಿಲಾದ ಕೀಲು ಗೊತ್ತಾಯಿತು ಎಂದಿಟ್ಟುಕೊಳ್ಳಿ. ಸರಿಪಡಿಸುವವರು ಯಾರು? ಕಾಯ್ದೆಯ ಪ್ರಕಾರ ಬಂದೂಕು ತಯಾರಿಸಲು, ಮಾರಲು ಇರುವಂತೆ ದುರಸ್ತಿ ಮಾಡಲು, ಪರೀಕ್ಷಿಸಲು ಕೂಡ ಪರವಾನಗಿ ಬೇಕು. ನಳಿಗೆ ಕತ್ತರಿಸಿ ಗಿಡ್ಡ ಮಾಡುವುದು ಪ್ರತ್ಯೇಕ ಅಪರಾಧ. ಊರಿನ ಕಮ್ಮಾರನಿಗೆ ಎಷ್ಟೇ ಕೈಚಳಕ ಇದ್ದರೂ ಆತ ಕೋವಿ ಮುಟ್ಟುವಂತಿಲ್ಲ. ಇದು ಸರಿಯಾದ ನಿಯಮವೇ. ನಾಡಬಂದೂಕು ತಯಾರಿಕೆಗೆ ಕಡಿವಾಣ ಹಾಕಲು ಇದು ಬೇಕು. ಆದರೆ ನಿಯಮದ ಇನ್ನೊಂದು ಮುಖವನ್ನು ಸರ್ಕಾರ ನೋಡಿಲ್ಲ. ಪರವಾನಗಿ ಪಡೆದ ಅಂಗಡಿ, ದುರಸ್ತಿಗಾರರು ಇರುವುದು ದೊಡ್ಡ ಊರುಗಳಲ್ಲಿ. ಉಳವಿಯ ರೈತ ದಿನಗೂಲಿ ಬಿಟ್ಟು, ಕಾಗದಪತ್ರ ಹಿಡಿದು, ಕೋವಿ ಹೊತ್ತು ಬಸ್ಸಿನಲ್ಲಿ ಅಷ್ಟು ದೂರ ಹೋಗುವುದು ಸುಲಭವಲ್ಲ. ಆಗ ಆತನಿಗೆ ಉಳಿಯುವ ದಾರಿ ಎರಡೇ: ಕದ್ದುಮುಚ್ಚಿ ದುರಸ್ತಿ, ಇಲ್ಲವೇ ದುರಸ್ತಿಯೇ ಇಲ್ಲದ ಬಳಕೆ. ಕಾನೂನು ಪಾಲಿಸುವ ದಾರಿ ತೀರಾ ದೂರವಾದಾಗ ಅಪಾಯ ಹತ್ತಿರವಾಗುತ್ತದೆ.

ಕೊಡಗಿನಲ್ಲಿ ಇದಕ್ಕೊಂದು ಸಾಂಸ್ಕೃತಿಕ ಉತ್ತರವಿದೆ. ಸೆಪ್ಟೆಂಬರ್ ಮೊದಲ ವಾರ ಕೈಲ್‌ಪೊಳ್ದ್ ಹಬ್ಬದಲ್ಲಿ ಮನೆಯ ಕೋವಿ, ಕತ್ತಿಗಳನ್ನು ತೊಳೆದು, ಒರೆಸಿ, ತೋಕ್‌ಪೂ ಎಂಬ ಹೂವು ಮುಡಿಸಿ ಪೂಜಿಸುತ್ತಾರೆ. ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ರಾಜ್ಯ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ವಿನಾಯಿತಿಯ ಬಗ್ಗೆ ಭಿನ್ನ ಅಭಿಪ್ರಾಯಗಳಿರಬಹುದು. ವರ್ಷಕ್ಕೊಮ್ಮೆ ಮನೆಯವರೆಲ್ಲ ಸೇರಿ ಕೋವಿ ಇಳಿಸಿ ಶುಚಿ ಮಾಡುವ ಪದ್ಧತಿಯ ಬೆಲೆ ಎಲ್ಲರೂ ಒಪ್ಪುವಂಥದ್ದು. ಉತ್ತರ ಕನ್ನಡದವರಿಗೆ ಆಯುಧಪೂಜೆ ಇದೆ. ಅದು ಬರುವುದು ಮಳೆ ಹಿಂಜರಿದು ಭತ್ತ ಬಲಿಯುವ ಕಾಲಕ್ಕೆ, ಅಂದರೆ ಕೋವಿ ಮತ್ತೆ ಕೈಗೆ ಬರುವುದಕ್ಕೆ ತುಸು ಮುಂಚಿನ ದಿನಗಳಲ್ಲಿ. ಕುಂಕುಮ ಹಚ್ಚುವ ಮೊದಲು ನಳಿಗೆಯೊಳಗೆ ನೋಡುವುದು, ತುಕ್ಕು ಒರೆಸುವುದು, ಕುದುರೆಯ ಕಚ್ಚು ಹಿಡಿಯುತ್ತದೆಯೇ ಎಂದು ಖಾಲಿ ಕೋವಿಯಲ್ಲಿ ಪರೀಕ್ಷಿಸುವುದು ಆ ದಿನದ ವಿಧಿಯಾಗಲಿ.

ಕಾನೂನು ಕೋವಿಯನ್ನು ನೋಡಿದ ಬಗೆ

ಇಷ್ಟು ದಾಖಲೆ ಇಟ್ಟ ಸರ್ಕಾರ ತಪಾಸಣೆಯನ್ನೇಕೆ ಮರೆಯಿತು? ಉತ್ತರ ಇತಿಹಾಸದಲ್ಲಿದೆ. ನಮ್ಮ ಶಸ್ತ್ರ ಕಾನೂನು ಹುಟ್ಟಿದ್ದು ಬಳಸುವವರ ಸುರಕ್ಷತೆಗಲ್ಲ, ಆಳುವವರ ಭಯದಿಂದ. 1857ರ ನಿಶ್ಶಸ್ತ್ರೀಕರಣದ ವಿರುದ್ಧ ಹಲಗಲಿಯ ಬೇಡರು ಎದ್ದು ನಿಂತು ಪ್ರಾಣ ಕೊಟ್ಟರು. ಮರುವರ್ಷ ಇದೇ ಜೊಯಿಡಾದ, ಆಗಿನ ಸೂಪಾ ಸೀಮೆಯ ಕಾಡುಗಳಲ್ಲಿಯೂ ಬಂಡೆದ್ದವರು ಬ್ರಿಟಿಷ್ ಪಡೆಗಳನ್ನು ಎದುರಿಸಿದರು. 1878ರ ಶಸ್ತ್ರಾಸ್ತ್ರ ಕಾಯ್ದೆಗೆ ಬೇಕಾಗಿದ್ದದ್ದು ಯಾರ ಬಳಿ ಏನಿದೆ, ಅದನ್ನು ಹೇಗೆ ಕಸಿಯಬಹುದು ಎಂಬ ಲೆಕ್ಕ. ಸ್ವತಂತ್ರ ಭಾರತದ 1959ರ ಕಾಯ್ದೆ ಬಹಳಷ್ಟು ಬದಲಾದರೂ ಆ ನೋಟವನ್ನು ಪೂರ್ತಿ ಕಳಚಿಕೊಳ್ಳಲಿಲ್ಲ. ಕೋವಿ ಶಾಂತಿ ಸುವ್ಯವಸ್ಥೆಯ ಪ್ರಶ್ನೆಯಾಗಿಯೇ ಉಳಿಯಿತು, ಸವೆಯುವ ಯಂತ್ರವಾಗಿ ಅದನ್ನು ಯಾರೂ ನೋಡಲಿಲ್ಲ.

ಆದರೆ ಆ ನೋಟ ಬಿಟ್ಟುಹೋದ ದಾಖಲೆಗಳು ಇವತ್ತು ಒಳ್ಳೆಯ ಕೆಲಸಕ್ಕೆ ಬರುತ್ತವೆ. ಪರವಾನಗಿದಾರರ ರಾಷ್ಟ್ರೀಯ ದತ್ತಾಂಶದಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಗುರುತಿನ ಸಂಖ್ಯೆ ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳು ಹೊಸ ಅರ್ಜಿದಾರರಿಗೆ ಸುರಕ್ಷತಾ ತರಬೇತಿಯನ್ನು ಪರಿಚಯಿಸಿದವು. 2019ರ ತಿದ್ದುಪಡಿಯ ನಂತರ ಪರವಾನಗಿ ಐದು ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ. ಉಳವಿಯಂಥ ಊರಿಗೆ ಇನ್ನೊಂದು ಪದರವೂ ಉಂಟು: ಅಭಯಾರಣ್ಯದ ಹತ್ತು ಕಿಲೊಮೀಟರ್ ಒಳಗಿನ ಪರವಾನಗಿದಾರರು ಅರಣ್ಯ ಇಲಾಖೆಯಲ್ಲಿಯೂ ನೋಂದಾಯಿಸಿಕೊಳ್ಳಬೇಕೆಂದು 1972ರ ವನ್ಯಜೀವಿ ಕಾಯ್ದೆ ಹೇಳುತ್ತದೆ. ಒಂದೇ ಕೋವಿ ಎರಡು ಇಲಾಖೆಗಳ ಕಡತದಲ್ಲಿದೆ.

ಇದರ ಮೇಲೆ ಚುನಾವಣೆ. ವಿಧಾನಸಭೆಗೋ ಲೋಕಸಭೆಗೋ ಚುನಾವಣೆ ಘೋಷಣೆಯಾದರೆ ಮಲೆನಾಡಿನ ಕೋವಿಗಳು ಠಾಣೆಗೆ ಹೋಗುತ್ತವೆ. ಬೆಳೆ ಕಾಯುವ ಹೊತ್ತಿನಲ್ಲೇ ಕೋವಿ ಕಿತ್ತುಕೊಳ್ಳುತ್ತಾರೆ ಎಂಬ ರೈತರ ಅಳಲು ನ್ಯಾಯವಾದದ್ದು, ವಿನಾಯಿತಿಯ ಬೇಡಿಕೆಯೂ ಹಳೆಯದು. ಆದರೆ ಠೇವಣಿಯಾದ ಕೋವಿಗಳು ವಾರಗಟ್ಟಲೆ ಒಂದೇ ಕೋಣೆಯಲ್ಲಿ ಸಾಲಾಗಿ ನಿಂತಿರುತ್ತವೆ. ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಶಸ್ತ್ರ ತಂತ್ರಜ್ಞರು ಒಬ್ಬರು ಜೊಯಿಡಾ, ಹಳಿಯಾಳ, ದಾಂಡೇಲಿ, ಮುಂಡಗೋಡ ಠಾಣೆಗಳಿಗೆ ಬಂದು ಕೂತರೆ ಆಯಾ ತಾಲ್ಲೂಕಿನ ಕೋವಿಗಳನ್ನೆಲ್ಲ ನೋಡಿ ಮುಗಿಸಬಹುದು. ರೈತನಿಂದ ಕಸಿದ ಆ ವಾರಗಳಿಗೆ ಪ್ರತಿಯಾಗಿ, ಶುಚಿಯಾದ, ಪರೀಕ್ಷಿಸಿದ ಕೋವಿಯನ್ನು ಮರಳಿಸುವುದು ಸರ್ಕಾರ ತೋರಿಸಬಹುದಾದ ಕನಿಷ್ಠ ಸೌಜನ್ಯ. ಅಪಾಯಕಾರಿ ಎಂದು ಕಂಡದ್ದಕ್ಕೆ ಕೆಂಪು ಚೀಟಿ ಕಟ್ಟಿ, ಪರವಾನಗಿ ಪಡೆದ ದುರಸ್ತಿಗಾರರ ಬಳಿಗೆ ಇಲಾಖೆಯೇ ಕಳಿಸಲಿ. ದುರಸ್ತಿಗೆ ಮೀರಿದ್ದನ್ನು ಒಪ್ಪಿಸಿದವರಿಗೆ ಬೇರೆ ಕೋವಿ ಕೊಳ್ಳಲು, ಇಲ್ಲವೇ ಸೋಲಾರ್ ಬೇಲಿ ಹಾಕಿಕೊಳ್ಳಲು ನೆರವು ಸಿಗಲಿ.

ತಯಾರಕರ ಹೊಣೆಯೂ ಸ್ಪಷ್ಟವಾಗಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಉತ್ಪನ್ನದ ದೋಷಕ್ಕೆ ತಯಾರಕರನ್ನು ಹೊಣೆ ಮಾಡುತ್ತದೆ. ಅಪಾಯಕಾರಿ ಸರಕುಗಳನ್ನು ಹಿಂಪಡೆಯುವಂತೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಕೊಟ್ಟಿದೆ. ಅಮೆರಿಕದವರು 1972ರಲ್ಲಿ ಬಂದೂಕಿಗೆ ಕೊಟ್ಟ ವಿನಾಯಿತಿ ನಮ್ಮ ಕಾಯ್ದೆಯಲ್ಲಿಲ್ಲ. ಹಿಂದೆ ಆರ್ಡ್ನನ್ಸ್ ಕಾರ್ಖಾನೆಗಳ ಮಂಡಳಿಯ ಅಡಿಯಲ್ಲಿದ್ದ ಸಣ್ಣ ಶಸ್ತ್ರಗಳ ತಯಾರಿಕೆ 2021ರ ಅಕ್ಟೋಬರ್‌ನಿಂದ ಸರ್ಕಾರಿ ಕಂಪನಿಯ ಕೈಯಲ್ಲಿದೆ. ಖಾಸಗಿ ತಯಾರಕರೂ ಬಂದಿದ್ದಾರೆ. ಯಾವ ನಂಬರಿನಿಂದ ಯಾವ ನಂಬರಿನವರೆಗಿನ ಆಯುಧಗಳಲ್ಲಿ ಯಾವ ದೂರು ಬಂದಿದೆ ಎಂಬುದನ್ನು ಅವರು ಪ್ರಕಟಿಸಬೇಕು. ಜಿಲ್ಲಾಧಿಕಾರಿಗಳ ಕಚೇರಿ ಆ ನಂಬರುಗಳನ್ನು ತನ್ನ ದಾಖಲೆಯೊಂದಿಗೆ ಹೊಂದಿಸಿ ಒಡೆಯನಿಗೆ ಕನ್ನಡದಲ್ಲಿ ಒಂದು ಪತ್ರ ಬರೆಯಬೇಕು. ಪೊಲೀಸ್, ಅರಣ್ಯ ಇಲಾಖೆಗಳ ಆಯುಧಗಳಿಗೂ ಇದು ಅನ್ವಯಿಸಬೇಕು. ಆಯುಧ ಕೈಕೊಟ್ಟ ಪ್ರತಿ ಘಟನೆಯನ್ನೂ ಸಿಬ್ಬಂದಿಯ ಅಜಾಗರೂಕತೆ ಎಂದು ಷರಾ ಬರೆದು ಕಡತ ಮುಚ್ಚುವ ಮೊದಲು ಯಂತ್ರವನ್ನು ಬಿಚ್ಚಿ ನೋಡುವುದು ನ್ಯಾಯ.

ಇದಾವುದಕ್ಕೂ ಹೊಸ ಕಾಯ್ದೆ ಬೇಕಿಲ್ಲ. ಕೋವಿಗಳ ಸಂಖ್ಯೆ ಹೆಚ್ಚಲಿ ಎಂದೂ ಈ ಮಾತಿನ ಅರ್ಥವಲ್ಲ. ಬೆಳೆ ಕಾಯಲು ಕೋವಿಯೇ ಬೇಕಾಗದ ದಿನ ಬಂದರೆ ರೈತನಿಗೂ ಕಾಡಿಗೂ ಒಳ್ಳೆಯದು. ಅಲ್ಲಿಯವರೆಗೆ, ಸರ್ಕಾರವೇ ಒಪ್ಪಿ ಸಹಿ ಹಾಕಿ ಮನೆಗೆ ಕಳಿಸಿದ ಆಯುಧ ಅದನ್ನು ಹಿಡಿದವರ ಬೆರಳು, ಕಣ್ಣು, ಪಕ್ಕದಲ್ಲಿ ನಿಂತವರ ಜೀವ ತೆಗೆಯದಂತೆ ನೋಡಿಕೊಳ್ಳುವ ಹೊಣೆಯೂ ಸರ್ಕಾರದ್ದೇ. ಆರಂಭಕ್ಕೆ ಪರವಾನಗಿ ಪುಸ್ತಕದಲ್ಲಿ ಒಂದು ಅಂಕಣ ಹೆಚ್ಚಿಸಿದರೆ ಸಾಕು: ತಪಾಸಣೆಯ ದಿನಾಂಕ, ನೋಡಿದವರ ಸಹಿ, ಕಂಡ ದೋಷ, ಮಾಡಿದ ದುರಸ್ತಿ. ಕಾರವಾರದ ಜಿಲ್ಲಾಡಳಿತ ಇದನ್ನು ಜೊಯಿಡಾದಿಂದ ಆರಂಭಿಸಿದರೆ ರಾಜ್ಯದ ಉಳಿದ ಜಿಲ್ಲೆಗಳಿಗೆ ಅನುಸರಿಸಲು ಒಂದು ಮಾದರಿ ಸಿಗುತ್ತದೆ.